ಆಯಿಲ್ ಬದಲಿಸಿದ ಮೇಲೆ ಗೇರ್ ಕಿರುಚುತ್ತಿದೆಯೇ? ಪೆಟ್ಟಿಗೆ ಬಿಚ್ಚಿಸುವ ಮೊದಲು ಇಷ್ಟು ನೋಡಿ

ನಮ್ಮ ಮನೆಯಲ್ಲಿರುವುದು 1997ರ ಮಾರುತಿ ಸುಜುಕಿ ಜಿಪ್ಸಿ ಕಿಂಗ್. ಕೊಪ್ಪದ ಕಡೆಯ ತೋಟದ ದಾರಿ, ಏರು, ಕೆಸರು, ಗೊಬ್ಬರದ ಮೂಟೆ ಎಲ್ಲಕ್ಕೂ ಅದೇ ಗಾಡಿ. ಎರಡು ವರ್ಷದ ಹಿಂದೆ ಮಳೆಗಾಲ ಮುಗಿದ ಮೇಲೆ ಒಂದು ಗ್ಯಾರೇಜಿನಲ್ಲಿ ಬಿಟ್ಟು, "ಕೆಳಗಿನ ಆಯಿಲ್ ಎಲ್ಲಾ ಒಂದ್ಸಲ ಬದಲಿಸಿಬಿಡಿ" ಎಂದು ಹೇಳಿ ಬಂದೆ. ಸಂಜೆ ಗಾಡಿ ತರುವಾಗ ಮೊದಲನೇ ತಿರುವಿನಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿತು. ಮೂರರಿಂದ ಎರಡಕ್ಕೆ ಇಳಿಸಿದರೆ ಕರ್‍ರ್ ಎಂದು ಹಲ್ಲು ಕಡಿಯುವ ಸದ್ದು. ಬೆಳಿಗ್ಗೆ ಅದೇ ತಿರುವಿನಲ್ಲಿ ಬೆಣ್ಣೆಯ ಹಾಗೆ ಬಿದ್ದ ಗೇರ್ ಅದು.

ಫೋನ್ ಮಾಡಿದೆ. "ಹೊಸ ಆಯಿಲ್ ಅಲ್ವಾ ಅಣ್ಣಾ, ಸೆಟ್ ಆಗೋಕೆ ಸ್ವಲ್ಪ ದಿನ ಬೇಕು" ಎಂದರು. ಆರುನೂರು ಕಿಲೋಮೀಟರ್ ಓಡಿಸಿದೆ, ಸೆಟ್ ಆಗಲಿಲ್ಲ. ಇನ್ನೊಬ್ಬರಿಗೆ ತೋರಿಸಿದೆ. "ಸಿಂಕ್ರೊ ರಿಂಗ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಎಂದರು. ಗೇರ್ ಹಾಕುವಾಗ ಎರಡು ಕಡೆಯ ವೇಗವನ್ನೂ ಒಂದು ಮಾಡುವ ಪಿತ್ತಳೆಯ ಬಳೆಯೇ ಈ ಸಿಂಕ್ರೊ ರಿಂಗ್. ಇಳಿಸುವುದಕ್ಕೆ ಒಪ್ಪಿಕೊಳ್ಳುವ ಮೊದಲು ಒಂದು ಭಾನುವಾರ ಅಂಗಳದಲ್ಲಿ ನಾನೇ ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಹೋದೆ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆ ಓಮ್ನಿ, 800, ಜೀಪು ಇಟ್ಟುಕೊಂಡವರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಯಾವಾಗಿನಿಂದ?

ತೊಂದರೆ ನಿಧಾನವಾಗಿ ತಿಂಗಳುಗಟ್ಟಲೆ ಬೆಳೆಯಿತೋ, ಆಯಿಲ್ ಬದಲಿಸಿದ ದಿನವೇ ಶುರುವಾಯಿತೋ ಎಂದು ಮೊದಲು ನೆನಪಿಸಿಕೊಳ್ಳಿ. ಪಿತ್ತಳೆಯ ಸಿಂಕ್ರೊ ರಿಂಗ್ ಒಂದು ಮಧ್ಯಾಹ್ನದಲ್ಲಿ ಸವೆದುಹೋಗುವ ವಸ್ತುವಲ್ಲ. ಬೆಳಿಗ್ಗೆ ಸರಿಯಿದ್ದದ್ದು ಸಂಜೆ ಕೆಟ್ಟಿದೆ ಎಂದರೆ, ಆ ನಡುವೆ ಯಾರು ಏನು ಮಾಡಿದರು ಎಂಬುದರ ಮೇಲೆಯೇ ಮೊದಲ ಅನುಮಾನ. ಇಷ್ಟು ಸರಳ ವಿಷಯವನ್ನು ನಾನು ಆರುನೂರು ಕಿಲೋಮೀಟರ್ ಆದ ಮೇಲೆ ಯೋಚಿಸಿದೆ. ನೀವು ಅಷ್ಟು ಕಾಯಬೇಡಿ.

ಕ್ಲಚ್ ಪೂರ್ತಿ ಬಿಡುತ್ತಿದೆಯೇ?

ಗೇರ್ ಕಿರುಚುವುದಕ್ಕೆ ಎಷ್ಟೋ ಸಲ ಕಾರಣ ಗೇರ್‌ಬಾಕ್ಸ್ ಅಲ್ಲವೇ ಅಲ್ಲ, ಕ್ಲಚ್. ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟು ಚೂರು ಅಂಟಿಕೊಂಡೇ ಇದ್ದರೆ ಒಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಆಗ ಯಾವ ಆಯಿಲ್ ಹಾಕಿದರೂ ಪ್ರಯೋಜನವಿಲ್ಲ.

ಪರೀಕ್ಷೆ ಹೀಗೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಆಗಲೂ ಬಿಗಿಯಾಗಿದ್ದರೆ ಲಿವರ್‌ನ ಬುಷ್, ಶಿಫ್ಟರ್ ಕಡೆ ನೋಡಬೇಕು. ಸಲೀಸಾಗಿ ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಇಂಥ ಹಳೆ ಗಾಡಿಗಳಲ್ಲಿ ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೊ ಇರುವುದಿಲ್ಲ. ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಐದು ಎಣಿಸಿದ ಮೇಲೂ ಕಿರುಚಿದರೆ ಕ್ಲಚ್ ಬಿಡುತ್ತಿಲ್ಲ ಎಂದೇ ಅರ್ಥ. ಕೇಬಲ್ ಎಳೆದುಕೊಂಡಿರಬಹುದು, ಪೆಡಲ್‌ನ ಆಟ ಜಾಸ್ತಿ ಆಗಿರಬಹುದು, ಪ್ಲೇಟು ಶಾಫ್ಟಿನ ಮೇಲೆ ತುಕ್ಕು ಹಿಡಿದು ಸರಿದಾಡದೆ ಇರಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಅದನ್ನು ಮೊದಲು ಸರಿಮಾಡಿ.

ನಮ್ಮ ಗಾಡಿಯಲ್ಲಿ ರಿವರ್ಸ್ ಸದ್ದಿಲ್ಲದೆ ಬಿತ್ತು. ಕ್ಲಚ್ ಮೇಲಿನ ಅನುಮಾನ ಅಲ್ಲಿಗೆ ಹೋಯಿತು.

ಎರಡು ಸಲ ಕ್ಲಚ್ ಒತ್ತಿ ನೋಡಿ

ಹಳೆ ಲಾರಿ ಡ್ರೈವರುಗಳು ಮಾಡುತ್ತಿದ್ದ ಕೆಲಸ ಇದು. ಮೂರರಿಂದ ಎರಡಕ್ಕೆ ಬರುವಾಗ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಆಕ್ಸಿಲರೇಟರ್ ಒಂದು ಸಲ ಮೆಲ್ಲಗೆ ತಟ್ಟಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಹೀಗೆ ಮಾಡಿದರೆ ಶಾಫ್ಟಿನ ವೇಗವನ್ನು ನೀವೇ ಸರಿಹೊಂದಿಸಿದ ಹಾಗಾಯಿತು, ಸಿಂಕ್ರೊ ರಿಂಗಿಗೆ ಕೆಲಸ ಉಳಿಯುವುದಿಲ್ಲ.

ಹೀಗೆ ಹಾಕಿದಾಗ ಗೇರ್ ಮೌನವಾಗಿ ಬಿದ್ದು, ಮಾಮೂಲಿಯಾಗಿ ಹಾಕಿದಾಗ ಕಿರುಚಿದರೆ, ಸಿಂಕ್ರೊ ತನ್ನ ಕೆಲಸ ಮಾಡುತ್ತಿಲ್ಲ ಎಂಬುದು ಖಚಿತ. ಆದರೆ ಇಲ್ಲಿ ಬಹಳ ಜನ ಒಂದು ಹೆಜ್ಜೆ ಹಾರಿಬಿಡುತ್ತಾರೆ. ಸಿಂಕ್ರೊ ಕೆಲಸ ಮಾಡುತ್ತಿಲ್ಲ ಎಂದರೆ ರಿಂಗ್ ಸವೆದಿದೆ ಎಂದೇ ಆಗಬೇಕಿಲ್ಲ. ರಿಂಗ್ ಚೆನ್ನಾಗಿದ್ದು, ಅದಕ್ಕೆ ಹಿಡಿತ ಸಿಗದ ಹಾಗೆ ಆಯಿಲ್ ಜಾರುತ್ತಿರಬಹುದು. ಹೊರಗಿನಿಂದ ಎರಡರ ಸದ್ದೂ ಒಂದೇ.

ಚಳಿ ಮತ್ತು ಬಿಸಿಯನ್ನೂ ಗಮನಿಸಿ. ಬೆಳಿಗ್ಗೆ ಮೊದಲ ನಾಲ್ಕೈದು ಕಿಲೋಮೀಟರ್ ಲಿವರ್ ಕೆಸರಿನಲ್ಲಿ ಅದ್ದಿದ ಹಾಗೆ ಭಾರವಾಗಿದ್ದು ಆಮೇಲೆ ಸಡಿಲವಾದರೆ ಆಯಿಲ್ ತೀರಾ ಮಂದ. ಚಳಿಯಲ್ಲೂ ಬಿಸಿಯಲ್ಲೂ ಒಂದೇ ಸಮ ಕಿರುಚಿದರೆ ಮಂದದ ಪ್ರಶ್ನೆ ಅಲ್ಲ, ಆಯಿಲ್‌ನ ಜಾತಿಯ ಪ್ರಶ್ನೆ ಅಥವಾ ರಿಂಗಿನದ್ದು.

ಇನ್ನು ಕೆಲವಕ್ಕೆ ಆಯಿಲ್ ಮದ್ದೇ ಅಲ್ಲ. ನ್ಯೂಟ್ರಲ್‌ನಲ್ಲಿ ಗುಂಯ್ ಎನ್ನುವ ಸದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಒಳಗಿನ ಬೇರಿಂಗ್. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಹಾರಿದರೆ ಸವೆದ ಹಲ್ಲು ಅಥವಾ ಸೋತ ಸ್ಪ್ರಿಂಗ್. ಇವಕ್ಕೆ ಬಿಚ್ಚಲೇಬೇಕು.

ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿಯಿರಿ

ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ ಬಂದು, ಆಯಿಲ್ ಬೆಚ್ಚಗಿರುವಾಗ ಇಳಿಸಿ. ಒಂದು ಮಾತು ದಯವಿಟ್ಟು ಮರೆಯಬೇಡಿ: ಮೊದಲು ಬಿಚ್ಚಬೇಕಾದದ್ದು ಪಕ್ಕದಲ್ಲಿರುವ ಫಿಲ್ಲರ್ ಪ್ಲಗ್, ಕೆಳಗಿನ ಡ್ರೈನ್ ಪ್ಲಗ್ ಅಲ್ಲ. ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಬಿಚ್ಚಲು ಬಾರದೆ, ಗಾಡಿ ಅಲ್ಲಾಡಿಸಲೂ ಆಗದೆ ಕೂತವರನ್ನು ನೋಡಿದ್ದೇನೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬೇಡಿ. ಜಿಪ್ಸಿಗೆ ಎತ್ತುವ ಅಗತ್ಯವೇ ಇಲ್ಲ, ನೆಲದ ಮೇಲೆ ಸಮವಾಗಿ ನಿಲ್ಲಿಸಿ ಕೆಳಗೆ ನುಗ್ಗಬಹುದು.

ನಾನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹಿಡಿದು ಅಂಗಳದ ಬಿಸಿಲಿಗೆ ತಂದೆ. ತಟ್ಟೆ ಮೆಲ್ಲಗೆ ಓರೆ ಮಾಡಿದಾಗ ಆಯಿಲ್‌ನ ಜೊತೆ ಸಣ್ಣ ಹೊಂಬಣ್ಣದ ಧೂಳು ಅಲೆಅಲೆಯಾಗಿ ಸರಿದಾಡಿತು, ಹಬ್ಬದ ಸೀರೆಯ ಜರಿ ಉದುರಿದ ಹಾಗೆ. ಎರಡು ಬೆರಳಿನ ನಡುವೆ ಉಜ್ಜಿದರೆ ಕೈಗೆ ತಾಗುವಷ್ಟು ದಪ್ಪವಿರಲಿಲ್ಲ, ಆದರೆ ಬೆರಳ ಗೆರೆಗಳಲ್ಲಿ ಕೂತು ಹೊಳೆಯುತ್ತಿತ್ತು. ಅದು ಸಿಂಕ್ರೊ ರಿಂಗಿನ ಪಿತ್ತಳೆ. ಮೂವತ್ತು ನಲವತ್ತು ಸಾವಿರ ಕಿಲೋಮೀಟರ್ ಓಡಿದ ಆಯಿಲ್‌ನಲ್ಲಿ ಅಷ್ಟು ಕಂಡರೆ ಗಾಬರಿ ಬೇಡ. ಆರುನೂರು ಕಿಲೋಮೀಟರಿಗೇ ಅಷ್ಟು ಬಂದದ್ದು ನನ್ನ ಎದೆ ಧಸಕ್ಕೆನಿಸಿತು.

ಪ್ಲಗ್ಗಿನ ಆಯಸ್ಕಾಂತಕ್ಕೆ ಮೆತ್ತಿದ ಬೂದು ಬಣ್ಣದ ನುಣ್ಣನೆ ಲೇಪ ಮಾಮೂಲಿ, ಒರೆಸಿ ಹಾಕಿ. ಉಕ್ಕಿನ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಮಾತ್ರ ಗಾಡಿ ಓಡಿಸುವುದನ್ನು ನಿಲ್ಲಿಸಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಿಸಿಯಾದ ಪೆಟ್ಟಿಗೆ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಪೆಟ್ಟಿಗೆಗೆ ಗಾಳಿಯಾಡುವ ಸಣ್ಣ ನಳಿಕೆ) ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಬ್ರೀದರ್ ಒಂದು ಸಲ ತೆಗೆದು ಊದಿ ನೋಡುವುದು ಒಳ್ಳೆಯದು.

ಡಬ್ಬದ ಹಿಂಬದಿ

ಮಾರನೇ ದಿನ ಆ ಗ್ಯಾರೇಜಿಗೆ ಹೋಗಿ, ಜಗಳಕ್ಕೆ ನಿಲ್ಲದೆ, ಯಾವ ಆಯಿಲ್ ಹಾಕಿದಿರಿ ಎಂದು ಕೇಳಿದೆ. ಮೂಲೆಯಲ್ಲಿದ್ದ ದೊಡ್ಡ ಬಕೆಟ್ ತೋರಿಸಿದರು. "ಇಪಿ 90 ಅಣ್ಣಾ, ಒಳ್ಳೇ ಕಂಪನಿದೇ. ನಾಲ್ಕೂ ಕಡೆ ಅದೇ ಹಾಕಿದ್ದು." ಆಯಿಲ್ ಒಳ್ಳೆಯದೇ, ಅವರು ಮೋಸವನ್ನೂ ಮಾಡಿರಲಿಲ್ಲ. ಬಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದು: 80ಡಬ್ಲ್ಯು-90, ಎಪಿಐ ಜಿಎಲ್-5.

ನಮ್ಮಲ್ಲಿ ಅಂಗಡಿಗೆ ಹೋಗಿ "90 ಆಯಿಲ್ ಕೊಡಿ" ಎನ್ನುವುದು ರೂಢಿ. ಆ ಮಾತಿನಲ್ಲಿ ಅರ್ಧ ಮಾಹಿತಿ ಮಾತ್ರ ಇದೆ. 90 ಎನ್ನುವುದು ಮಂದ ಎಷ್ಟು ಎಂದಷ್ಟೇ ಹೇಳುತ್ತದೆ. ಇಪಿ ಎಂದರೆ ತೀವ್ರ ಒತ್ತಡ ತಡೆಯುವ ರಾಸಾಯನಿಕ ಸೇರಿಸಿದೆ ಎಂದಷ್ಟೇ. ಎಷ್ಟು ಸೇರಿಸಿದೆ, ಯಾವ ಕೆಲಸಕ್ಕೆ ಎಂಬುದನ್ನು ಹೇಳುವುದು ಜಿಎಲ್ ಸಂಖ್ಯೆ. ಜಿಎಲ್-4ರಲ್ಲಿ ಆ ರಾಸಾಯನಿಕ ಜಿಎಲ್-5ರ ಸುಮಾರು ಅರ್ಧದಷ್ಟು ಇರುತ್ತದೆ. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಮೇಲು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡೂ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು.

ಜಿಎಲ್-5 ಬೇಕಾಗುವುದು ಹಿಂದಿನ ಹೌಸಿಂಗಿನ, ಅಂದರೆ ಹಿಂದಿನ ಚಕ್ರಗಳ ನಡುವಿನ ಉಂಡೆಯಂಥ ಪೆಟ್ಟಿಗೆಯ, ಕ್ರೌನ್ ಪಿನಿಯನ್ನಿಗೆ (ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ತಿರುಗಿಸುವ ಹಲ್ಲುಚಕ್ರಗಳ ಜೋಡಿ). ಅಲ್ಲಿ ಪಿನಿಯನ್ ಶಾಫ್ಟ್ ಕ್ರೌನಿನ ನಡುಗೆರೆಗೆ ನೇರವಾಗಿ ಬಂದು ಸೇರುವುದಿಲ್ಲ, ಸ್ವಲ್ಪ ಕೆಳಗಿನಿಂದ ಬರುತ್ತದೆ. ಇದಕ್ಕೆ ಹೈಪಾಯ್ಡ್ ಎನ್ನುತ್ತಾರೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ತಿಕ್ಕಿಕೊಂಡು ಜಾರುತ್ತವೆ. ಅಷ್ಟು ಒತ್ತಡದಲ್ಲಿ ಬರೀ ಎಣ್ಣೆಯ ಪದರ ಹರಿದುಹೋಗುತ್ತದೆ. ಆಗ ಗಂಧಕ ಮತ್ತು ರಂಜಕದ ಸಂಯುಕ್ತಗಳು ಆ ಬಿಸಿಗೆ ಉಕ್ಕಿನ ಮೇಲ್ಮೈ ಜೊತೆ ಕೂಡಿ ತೆಳುವಾದ ಒಂದು ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಉಳಿಯುವುದು ಹಲ್ಲು.

ಗೇರ್‌ಬಾಕ್ಸಿನೊಳಗಿನ ಸಿಂಕ್ರೊ ರಿಂಗಿನ ಕೆಲಸ ಇದಕ್ಕೆ ತದ್ವಿರುದ್ಧ. ಅದು ಜಾರಬಾರದು, ಹಿಡಿಯಬೇಕು. ರಿಂಗಿನ ಒಳಮೈಯಲ್ಲಿ ಬೋಲ್ಟಿನ ಮರೆಯಂಥ ಸಣ್ಣ ಸಣ್ಣ ಗೆರೆಗಳಿರುತ್ತವೆ. ನೀವು ಲಿವರ್ ತಳ್ಳಿದ ಕ್ಷಣಕ್ಕೆ ಆ ಗೆರೆಗಳು ಎಣ್ಣೆಯನ್ನು ಸೀಳಿ ಪಕ್ಕಕ್ಕೆ ಸರಿಸಿ, ಗೇರಿನ ಕೋನನ್ನು (ಶಂಕುವಿನ ಆಕಾರದ ಭಾಗವನ್ನು) ಒತ್ತಿ ಹಿಡಿದು, ಎರಡರ ವೇಗವನ್ನೂ ಒಂದು ಮಾಡುತ್ತವೆ. ಆಮೇಲೆಯೇ ಹಲ್ಲು ಹಲ್ಲಿಗೆ ಸೇರುವುದು. ಆಯಿಲ್ ಅತಿ ಜಾರಾಗಿದ್ದರೆ ಆ ಹಿಡಿತ ಸಿಗುವುದಿಲ್ಲ. ಪಾಚಿ ಕಟ್ಟಿದ ಅಡಿಕೆ ಮರ ಹತ್ತುವವರು ಕಾಲಿಗೆ ಹಾಕುವ ತಳೆ ಹೇಗೆ ಹಿಡಿಯದೆ ಜಾರುತ್ತದೋ ಹಾಗೆ: ತಳೆಯೂ ಸರಿ, ಕಾಲೂ ಸರಿ, ನಡುವೆ ಪಾಚಿ. ನಮ್ಮ ಗಾಡಿ ಅದೇ ದಿನ ಸಂಜೆ ಕಿರುಚಿದ್ದು ಇದಕ್ಕೆ.

ಎರಡನೆಯದು ನಿಧಾನದ ಪೆಟ್ಟು. ಜಿಎಲ್-5ರ ಗಂಧಕ ತಾಮ್ರ, ಪಿತ್ತಳೆ, ಕಂಚಿನ ಮೇಲೂ ಕೆಲಸ ಮಾಡಬಲ್ಲದು. ಇದನ್ನು ಅಳೆಯಲು ಎಎಸ್‌ಟಿಎಂ ಡಿ130 ಎಂಬ ಪರೀಕ್ಷೆ ಇದೆ. ಉಜ್ಜಿ ಹೊಳೆಯಿಸಿದ ತಾಮ್ರದ ಪಟ್ಟಿಯನ್ನು 121 ಡಿಗ್ರಿ ಬಿಸಿಯ ಆಯಿಲ್‌ನಲ್ಲಿ 3 ಗಂಟೆ ಮುಳುಗಿಸಿಟ್ಟು, ಎಷ್ಟು ಕಪ್ಪಾಯಿತು ಎಂದು 1ರಿಂದ 4ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಬಣ್ಣ ಹೆಚ್ಚು ಬದಲಾಗಿಲ್ಲ, 4 ಎಂದರೆ ತುಕ್ಕು. ಜಿಎಲ್-5ಕ್ಕೆ 3ರವರೆಗೂ ಅವಕಾಶವಿದೆ. ಇತ್ತೀಚಿನ ಎಷ್ಟೋ ಜಿಎಲ್-5 ಆಯಿಲ್‌ಗಳಲ್ಲಿ ಪಿತ್ತಳೆಯನ್ನು ಕಾಯುವ ರಾಸಾಯನಿಕವನ್ನೂ ಸೇರಿಸಿರುತ್ತಾರೆ, ಅವು ರಿಂಗನ್ನು ತಿನ್ನುವುದಿಲ್ಲ. ಆದರೆ ತಿನ್ನದಿದ್ದರೂ ಜಾರುವುದು ತಪ್ಪುವುದಿಲ್ಲ, ಜಾರಿದ ರಿಂಗ್ ಪ್ರತಿ ಸಲವೂ ತಿಕ್ಕಿಕೊಂಡು ಸವೆಯುತ್ತದೆ.

ಕೆಲವು ಡಬ್ಬಗಳ ಮೇಲೆ ಜಿಎಲ್-4/ಜಿಎಲ್-5 ಎಂದು ಜೋಡಿಯಾಗಿ ಬರೆದಿರುತ್ತದೆ. ಒತ್ತಡದ ಪರೀಕ್ಷೆ ಎರಡನ್ನೂ ದಾಟಿದೆ ಎಂಬುದಷ್ಟೇ ಅದರ ಅರ್ಥವಾಗಿರಬಹುದು. ಸಿಂಕ್ರೊ ಇರುವ ಗೇರ್‌ಬಾಕ್ಸಿಗೆ ಯೋಗ್ಯ ಎಂದು ಪ್ರತ್ಯೇಕವಾಗಿ ಬರೆದಿಲ್ಲದಿದ್ದರೆ ನಾನಂತೂ ಹಾಕುವುದಿಲ್ಲ. ಎಂಟಿ-1 ಎಂದು ಬರೆದದ್ದು ಸಿಂಕ್ರೊ ಇಲ್ಲದ ಬಸ್ಸು ಲಾರಿಗಳ ಪೆಟ್ಟಿಗೆಗೆ, ನಮಗಲ್ಲ.

ಮಂದದ ಲೆಕ್ಕ

ಎಂಜಿನ್ ಆಯಿಲ್ 40, ಗೇರ್ ಆಯಿಲ್ 90, ಹಾಗಾದರೆ ಇದು ಎರಡು ಪಟ್ಟು ಮಂದ ಎಂದು ಬಹಳ ಜನ ತಿಳಿದಿದ್ದಾರೆ. ಎರಡರ ಅಳತೆಗೋಲೇ ಬೇರೆ. 100 ಡಿಗ್ರಿ ಬಿಸಿಯಲ್ಲಿ 90 ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ (ಮಂದ ಅಳೆಯುವ ಮಾನ) ಇರಬೇಕು. ಅದೇ ಬಿಸಿಯಲ್ಲಿ 40 ಎಂಜಿನ್ ಆಯಿಲ್ 12.5ರಿಂದ 16.3. ಹೆಚ್ಚು ಕಡಿಮೆ ಅಕ್ಕಪಕ್ಕ. ಹಳೆ ಹೋಂಡಾ ಕಾರುಗಳ ಗೇರ್‌ಬಾಕ್ಸಿಗೆ ಕಂಪನಿಯೇ ಎಂಜಿನ್ ಆಯಿಲ್ ಹಾಕಲು ಹೇಳುತ್ತಿತ್ತು, ಇಂಗ್ಲೆಂಡಿನ ಎಂಜಿಬಿ ಕಾರಿಗೂ ಹಾಗೆಯೇ.

ಆದರೆ 140 ಆಯಿಲ್ 24ರಿಂದ ಶುರುವಾಗುತ್ತದೆ. ಸದ್ದು ಮಾಡುವ ಗೇರ್‌ಬಾಕ್ಸಿಗೆ 140 ಹಾಕಿ ಸುಮ್ಮನಾಗಿಸುವ ಉಪಾಯ ಹಳೆ ಗಾಡಿ ಮಾರುವವರಲ್ಲಿ ಇದೆ. ಸದ್ದು ಅಡಗುತ್ತದೆ, ಕಾಯಿಲೆ ಬೆಳೆಯುತ್ತದೆ. ಅಷ್ಟು ಮಂದದ ಆಯಿಲ್ ಬೆಳಗಿನ ಚಳಿಯಲ್ಲಿ ಸಣ್ಣ ಬೇರಿಂಗುಗಳಿಗೆ ತಡವಾಗಿ ತಲುಪುತ್ತದೆ, ಸಿಂಕ್ರೊ ರಿಂಗಿಗೆ ಅದನ್ನು ಸೀಳಲು ಆಗುವುದಿಲ್ಲ. ಡಿಸೆಂಬರ್ ಬೆಳಗಿನಲ್ಲಿ ಎರಡನೇ ಗೇರ್ ಬೀಳದ ಹಳೆ ಗಾಡಿ ಕೊಂಡವರು ಈ ಅನುಮಾನ ಇಟ್ಟುಕೊಳ್ಳಿ.

ಯಾವ ಪೆಟ್ಟಿಗೆಗೆ ಯಾವುದು

ಜಿಪ್ಸಿಯಲ್ಲಿ ಆಯಿಲ್ ಇರುವ ಪೆಟ್ಟಿಗೆಗಳು ನಾಲ್ಕು: ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ), ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್. ಮೊದಲ ಎರಡಕ್ಕೆ ಜಿಎಲ್-4, ಹೌಸಿಂಗ್ ಎರಡಕ್ಕೂ ಹೈಪಾಯ್ಡ್ ಆಯಿಲ್, ಅಂದರೆ ಜಿಎಲ್-5. ಇದನ್ನು ಓದಿ ಎಲ್ಲದಕ್ಕೂ ಜಿಎಲ್-4 ಹಾಕಿಬಿಟ್ಟರೆ ಅದು ಇನ್ನೂ ದುಬಾರಿ ತಪ್ಪು, ಕ್ರೌನ್ ಪಿನಿಯನ್ ಹಲ್ಲು ಬೇಗ ಹಾಳಾಗಬಹುದು. ಓಮ್ನಿಯದ್ದೂ ಹೀಗೆಯೇ, ಗೇರ್‌ಬಾಕ್ಸ್ ಬೇರೆ, ಹಿಂದಿನ ಹೌಸಿಂಗ್ ಬೇರೆ. 800ರಲ್ಲಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿದೆ, ಆದರೆ ಅಲ್ಲಿ ಹೈಪಾಯ್ಡ್ ಹಲ್ಲು ಇಲ್ಲವಾದ್ದರಿಂದ ಜಿಎಲ್-4 ಸಾಕು. ವಿಲ್ಲಿಸ್ ಕಾಲದ ಮೂರು ಗೇರಿನ ಜೀಪಿದ್ದರೆ ಅದರ ಗೇರ್‌ಬಾಕ್ಸ್ ಹುಟ್ಟಿದ್ದೇ ಸಾದಾ ಮಿನರಲ್ 90 ಆಯಿಲ್‌ಗೆ. ಮೊದಲನೇ ಗೇರಿಗೆ ಅದರಲ್ಲಿ ಸಿಂಕ್ರೊ ಇಲ್ಲ, ಓಡುವಾಗ ಹಾಕಿದರೆ ಕಿರುಚುವುದು ದೋಷವಲ್ಲ. ಹಳೆ ಸುಬಾರು ಕಾರುಗಳಂತೆ ಹೈಪಾಯ್ಡೂ ಸಿಂಕ್ರೊವೂ ಒಂದೇ ಪೆಟ್ಟಿಗೆಯಲ್ಲಿದ್ದು ಕಂಪನಿಯೇ ಜಿಎಲ್-5 ಹೇಳಿರುವುದೂ ಉಂಟು. ಆದ್ದರಿಂದ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ.

ಮತ್ತೆ ತುಂಬಿಸಿದ್ದು

ಡ್ರೈನ್ ಪ್ಲಗ್ ಒರೆಸಿ ಹಾಕಿ ಬಿಗಿ ಮಾಡಿದೆ. ಫಿಲ್ಲರ್ ತೂತಿಗೆ ಒಂದು ಮೀಟರ್ ಪಾರದರ್ಶಕ ಪೈಪು, ಮೇಲ್ತುದಿಗೆ ಲಾಳಿಕೆ ಕಟ್ಟಿ, ಬಾನೆಟ್ ಕಡೆಯಿಂದ ಸುರಿದೆ. ಜಿಎಲ್-4, 80ಡಬ್ಲ್ಯು-90. ಗೇರ್‌ಬಾಕ್ಸಿಗೆ ಸುಮಾರು 1.3 ಲೀಟರ್ ಹಿಡಿಯಿತು. ಲೀಟರ್ ಲೆಕ್ಕಕ್ಕಿಂತ ಮುಖ್ಯವಾದದ್ದು ಮಟ್ಟ: ಗಾಡಿ ಸಮತಟ್ಟಾಗಿ ನಿಂತಿರುವಾಗ ಆಯಿಲ್ ತೂತಿನ ಕೆಳಅಂಚಿಗೆ ಬಂದು ತೊಟ್ಟಿಕ್ಕಬೇಕು. ಜಾಸ್ತಿ ತುರುಕಿದರೆ ಸೀಲ್ ದಾಟಿ ಕ್ಲಚ್ ಪ್ಲೇಟಿಗೆ ಹೋಗುತ್ತದೆ. ಟ್ರಾನ್ಸ್‌ಫರ್ ಕೇಸಿನದ್ದನ್ನೂ ಬದಲಿಸಿದೆ. ಹೌಸಿಂಗುಗಳಲ್ಲಿ ಜಿಎಲ್-5 ಸರಿಯಾಗಿಯೇ ಇತ್ತು, ಮುಟ್ಟಲಿಲ್ಲ. ಇಳಿಸಿದ ಆಯಿಲನ್ನು ಕ್ಯಾನಿನಲ್ಲಿ ತುಂಬಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಟ್ಟೆ. ದಯಮಾಡಿ ತೋಟದ ಕಪ್ಪಿಗೆ (ನೀರು ಹರಿಯುವ ಕಾಲುವೆಗೆ) ಸುರಿಯಬೇಡಿ, ಅದು ಹೋಗಿ ಸೇರುವುದು ಕುಡಿಯುವ ನೀರಿನ ಹಳ್ಳಕ್ಕೆ.

ಮೊದಲ ದಿನ ಅರ್ಧ ಗುಣ ಕಂಡಿತು. ಮೂಲೆಗಳಲ್ಲಿ, ಬೇರಿಂಗಿನ ಸಂದಿಗಳಲ್ಲಿ ಹಳೆ ಆಯಿಲ್ ಉಳಿದೇ ಇರುತ್ತದೆ. ಇನ್ನೂರು ಕಿಲೋಮೀಟರ್ ಆಗುವಾಗ ಎರಡನೇ ಗೇರ್ ಮೌನವಾಯಿತು. ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ಇಳಿಸಿ ಹೊಸ ಜಿಎಲ್-4 ಹಾಕಿದೆ. ಆಗ ತಟ್ಟೆಯಲ್ಲಿ ಹೊಂಬಣ್ಣ ಹುಡುಕಿದರೂ ಕಣ್ಣಿಗೆ ಬಿದ್ದದ್ದು ಅಲ್ಲೊಂದು ಇಲ್ಲೊಂದು ಚುಕ್ಕೆ.

ಪೂರ್ತಿ ಮೊದಲಿನಂತೆ ಆಯಿತೇ ಎಂದರೆ, ಇಲ್ಲ. ಏರಿನಲ್ಲಿ ಅವಸರದಿಂದ ಎರಡಕ್ಕೆ ಎಳೆದರೆ ಈಗಲೂ ಒಂದು ಚೂರು ಗರಕ್ ಎನ್ನುತ್ತದೆ. ಆ ಆರುನೂರು ಕಿಲೋಮೀಟರಿನ ಸವೆತ ವಾಪಸ್ಸು ಬರುವುದಿಲ್ಲ. ನಿಮ್ಮ ಗಾಡಿಯಲ್ಲಿ ಸರಿಯಾದ ಆಯಿಲ್ ಎರಡು ಸಲ ಹಾಕಿ ಸಾವಿರ ಕಿಲೋಮೀಟರ್ ಓಡಿಸಿದ ಮೇಲೂ ಮೊದಲಿನಷ್ಟೇ ಕಿರುಚಿದರೆ, ಆಗ ಧೈರ್ಯವಾಗಿ ಪೆಟ್ಟಿಗೆ ಇಳಿಸಿ. ರಿಂಗನ್ನು ಕೋನಿನ ಮೇಲೆ ಒತ್ತಿ ಹಿಡಿದು, ರಿಂಗಿಗೂ ಗೇರಿಗೂ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ನಿಮ್ಮ ಕಣ್ಣೆದುರೇ ಅಳೆಯಲು ಹೇಳಿ. ಸುಜುಕಿ ಪೆಟ್ಟಿಗೆಯಲ್ಲಿ ಹೊಸ ರಿಂಗಿಗೆ ಅದು ಒಂದು ಮಿಲಿಮೀಟರಿನ ಆಸುಪಾಸು ಇರುತ್ತದೆ, ಅರ್ಧ ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಆ ರಿಂಗ್ ಬದಲಿಸಬೇಕು.

ಈಗ ನಮ್ಮ ಶೆಡ್ಡಿನಲ್ಲಿ ಎರಡು ಕ್ಯಾನುಗಳಿವೆ. ಬಿಳಿ ಪೇಂಟಿನಲ್ಲಿ ಒಂದರ ಮೇಲೆ "ಗೇರ್‌ಬಾಕ್ಸ್ – 4", ಇನ್ನೊಂದರ ಮೇಲೆ "ಹೌಸಿಂಗ್ – 5" ಎಂದು ಬರೆದಿದ್ದೇನೆ. ಗಾಡಿ ಯಾವ ಗ್ಯಾರೇಜಿಗೆ ಹೋದರೂ ಆ ಎರಡೂ ಹಿಂದಿನ ಸೀಟಿನಲ್ಲಿ ಹೋಗುತ್ತವೆ.